ಒಂದು ಯೂನಿಟ್ ಕರೆಂಟಿನ ಲೆಕ್ಕ

ಪೋರ್ಟಬಲ್ ಪವರ್ ಸ್ಟೇಷನ್ ತಗೋಬೇಕು, ಯಾವುದು ತಗೊಳ್ಳಲಿ ಎಂದು ಕೇಳುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಡಬ್ಬಿಯ ಮೇಲೆ 1000 ವ್ಯಾಟ್-ಅವರ್ ಎಂದು ಬರೆದಿದ್ದರೆ ಅದರೊಳಗೆ ಹಿಡಿಯುವುದು ಒಂದು ಯೂನಿಟ್ ಕರೆಂಟು. 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದಾಗಿನಿಂದ ಯೂನಿಟ್ಟಿನ ಲೆಕ್ಕ ಮನೆಮನೆಯ ಮಾತಾಗಿದೆ. ತಿಂಗಳಿಗೆ ನೂರು ಯೂನಿಟ್ ಉರಿಸುವ ಮನೆಗೆ ದಿನಕ್ಕೆ ಮೂರಕ್ಕೂ ಮಿಕ್ಕಿ ಯೂನಿಟ್ ಬೇಕು. ಹಾಗಿರುವಾಗ ಕೈಯಲ್ಲಿರುವ ಒಂದು ಯೂನಿಟ್ಟನ್ನು ಯಾವುದಕ್ಕೆ ಕೊಡುತ್ತೀರಿ, ಯಾವುದಕ್ಕೆ ಕೊಡುವುದಿಲ್ಲ? ಇದನ್ನು ತೀರ್ಮಾನಿಸಿಕೊಂಡವರಿಗೆ ಕಂಪನಿ, ಮಾಡೆಲ್ ಆರಿಸುವುದು ಸುಲಭ.

ನಮ್ಮದು ಎರಡು ಕಡೆಯ ಸಂಸಾರ. ಬೆಳಗಾವಿಯ ಶಿವಬಸವ ನಗರದಲ್ಲಿ, ನಾಗನೂರು ರುದ್ರಾಕ್ಷಿ ಮಠದ ಆಸುಪಾಸಿನಲ್ಲಿ ಬಾಡಿಗೆ ಮನೆ. ಹಿರಿಯರ ಮನೆ ಖಾನಾಪುರ ತಾಲ್ಲೂಕಿನ ಜಾಂಬೋಟಿ ಕಡೆ, ಕಾಡಿನ ಅಂಚಿಗೆ. ಊರಲ್ಲಿ ಕರೆಂಟ್ ಹೋದರೆ ತಾಸೆರಡು ತಾಸಿಗೆ ಬರುತ್ತದೆ. ಕಾಡಿನ ಕಡೆ ಜೂನ್-ಜುಲೈ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕತ್ತಲೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಭೀಮಗಡ ಅಭಯಾರಣ್ಯದೊಳಗಿನ ಆಮಗಾಂವ, ಗವಾಳಿ ಇವೆಲ್ಲ ಇದೇ ಮಳೆಯ ಸೀಮೆ. ಎರಡೂ ಮನೆಗೆ ಒಂದೇ ಯಂತ್ರ ಸಾಕೇ ಎಂದು ಲೆಕ್ಕ ಹಾಕುತ್ತ ಹೋದಾಗ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ನಿಲ್ಲಬಾರದ ಸಾಮಾನುಗಳನ್ನು ಬರೆದೆವು. ಅವ್ವನಿಗೆ ಉಬ್ಬಸ, ನೆಬ್ಯುಲೈಸರ್ ನಿಲ್ಲುವಂತಿಲ್ಲ. ಮಗಳ ಓದಿಗೆ ದೀಪ, ವೈಫೈ. ರಾತ್ರಿ ಎರಡು ಫ್ಯಾನು. ಪ್ರತಿಯೊಂದರ ಹಿಂದೆ ಅಂಟಿಸಿರುವ ವ್ಯಾಟ್ ನೋಡಿ ಬರೆದಾಗ ಗೊತ್ತಾದದ್ದು ಇದು: ಹಳೆಯ ಸೀಲಿಂಗ್ ಫ್ಯಾನ್ ಒಂದಕ್ಕೆ 75 ವ್ಯಾಟ್, ಎರಡಕ್ಕೆ 150. ಎರಡು ಎಲ್‌ಇಡಿ ಬಲ್ಬಿಗೆ 18, ವೈಫೈ ರೂಟರಿಗೆ 10. ಒಟ್ಟು 178. ಒಂದು ಯೂನಿಟ್ಟಿನ ಪವರ್ ಸ್ಟೇಷನ್ನಿನಿಂದ ಇನ್ವರ್ಟರ್ ನಷ್ಟ ಕಳೆದು ಕೈಗೆ ಸಿಗುವುದು ಸುಮಾರು 850 ವ್ಯಾಟ್-ಅವರ್. ಅಂದರೆ ಐದು ತಾಸೂ ತುಂಬುವುದಿಲ್ಲ. ಅದೇ ಫ್ಯಾನುಗಳ ಜಾಗದಲ್ಲಿ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಒಟ್ಟು ಭಾರ 88ಕ್ಕೆ ಇಳಿಯುತ್ತದೆ, ಅದೇ ಬ್ಯಾಟರಿ ಒಂಬತ್ತು ತಾಸು ದಾಟುತ್ತದೆ. ಎರಡು ಫ್ಯಾನಿನ ದುಡ್ಡಿನಲ್ಲಿ ಬ್ಯಾಟರಿ ಹೆಚ್ಚುಕಡಿಮೆ ಎರಡರಷ್ಟಾದ ಹಾಗೆ. ದೊಡ್ಡ ಯಂತ್ರಕ್ಕೆ ಕೈ ಹಾಕುವ ಮೊದಲು ಫ್ಯಾನು ಬದಲಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ನೆಬ್ಯುಲೈಸರಿನ ಲೆಕ್ಕ ಬೇರೆ. ಅದು 150 ವ್ಯಾಟ್ ಎಳೆದರೂ ನಡೆಯುವುದು ಹತ್ತು ನಿಮಿಷ. ಖರ್ಚಾಗುವುದು 25 ವ್ಯಾಟ್-ಅವರ್ ಮಾತ್ರ. ಒಮ್ಮೆಗೆ ಎಷ್ಟು ಎಳೆಯುತ್ತದೆ ಎಂಬುದು ಒಂದು, ಒಟ್ಟು ಎಷ್ಟು ತಿನ್ನುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇನ್ವರ್ಟರಿನ ವ್ಯಾಟ್ ನೋಡಬೇಕು, ಎರಡನೆಯದಕ್ಕೆ ಬ್ಯಾಟರಿಯ ವ್ಯಾಟ್-ಅವರ್. ಅಂಗಡಿಯಲ್ಲಿ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ನಾವು ಬಿಡಿಸಿ ಕೇಳಬೇಕು. ಫ್ರಿಜ್ಜಿನ ಸ್ಟಾರ್ ಲೇಬಲ್ ಮೇಲೆ ವರ್ಷದ ಯೂನಿಟ್ ಬರೆದಿರುತ್ತದೆ. 220 ಇದ್ದರೆ ದಿನಕ್ಕೆ 0.6 ಯೂನಿಟ್. ಆದರೆ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಎಳೆಯುತ್ತದೆ, ಯಂತ್ರದ ಸರ್ಜ್ ಸಾಮರ್ಥ್ಯ ಅದನ್ನು ತಾಳಬೇಕು. ಬಾಗಿಲು ತೆರೆಯದಿದ್ದರೆ ನಾಲ್ಕು ತಾಸು ತಂಪು ಉಳಿಯುತ್ತದೆ. ಹಾಗಾಗಿ ಊರಿನ ಸಣ್ಣ ಕಡಿತಕ್ಕೆ ಫ್ರಿಜ್ಜನ್ನು ನಾವು ಹಾಳೆಯಿಂದ ಹೊಡೆದುಹಾಕಿದೆವು.

ಬಾಡಿಗೆ ಮನೆಯಾದ್ದರಿಂದ ಗೋಡೆ ಒಡೆದು ವೈರಿಂಗ್ ಮಾಡಿಸುವಂತಿರಲಿಲ್ಲ, ಪೋರ್ಟಬಲ್ ನಮಗೆ ಒಗ್ಗಿತು. ಸ್ವಂತ ಮನೆ ಇದ್ದು, ಯಂತ್ರ ಎತ್ತಿ ಓಡಾಡಿಸುವ ಕೆಲಸ ಇಲ್ಲದವರಿಗೆ ಮಾಮೂಲಿ ಇನ್ವರ್ಟರೇ ಕಡಿಮೆ ಖರ್ಚಿನದು. 12 ವೋಲ್ಟಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ ಕಾಗದದ ಮೇಲೆ 1800 ವ್ಯಾಟ್-ಅವರ್. ಬಾಳಿಕೆ ಬರಬೇಕಾದರೆ ಅರ್ಧದಷ್ಟು ಬಳಸಬೇಕು, ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಇದಕ್ಕೆ ಒಪ್ಪುವವರು ಹೆಚ್ಚು ದುಡ್ಡು ಸುರಿಯಬೇಕಿಲ್ಲ.

ಪವರ್ ಸ್ಟೇಷನ್ನೇ ಬೇಕೆಂದಾದರೆ ಒಳಗಿನ ಬ್ಯಾಟರಿ ಯಾವುದೆಂದು ಕೇಳಿ. ಲಿಥಿಯಂ ಐರನ್ ಫಾಸ್ಫೇಟ್ ಆದರೆ ಸಾಮಾನ್ಯವಾಗಿ 3000 ಸಲ ತುಂಬಿ ಬರಿದು ಮಾಡಿದ ಮೇಲೂ ಶೇ. 80ರಷ್ಟು ಸಾಮರ್ಥ್ಯ ಉಳಿಯುತ್ತದೆ, ಬೆಂಕಿಯ ಅಪಾಯವೂ ಕಡಿಮೆ. ನಿಕಲ್-ಕೋಬಾಲ್ಟ್ ಬಗೆಯದು ಹಗುರ, ಆದರೆ 500ರಿಂದ 800 ಸಲಕ್ಕೆ ಸೋಲುತ್ತದೆ. ಊರಿನ ಮನೆಗೆ ಇನ್ನೆರಡು ಗುಣ ಬೇಕು. ಕರೆಂಟ್ ಹೋದ ಕೂಡಲೇ, ಸುಮಾರು 20 ಮಿಲಿಸೆಕೆಂಡಿನೊಳಗೆ ಬ್ಯಾಟರಿಗೆ ಬದಲಾಗಬೇಕು, ಇಲ್ಲದಿದ್ದರೆ ವೈಫೈ ಆರಿ ಮತ್ತೆ ಶುರುವಾಗಲು ಕಾಯಬೇಕು. ಎರಡು ಕಡಿತಗಳ ನಡುವೆ ಸಿಕ್ಕ ತಾಸೊಂದರಲ್ಲೇ ಬಹುಪಾಲು ತುಂಬಿಕೊಳ್ಳಬೇಕು. ಕೆಲವು ಯಂತ್ರಗಳಿಗೆ ಎಂಟು ತಾಸು ಹಿಡಿಯುತ್ತದೆ.

ಖಾನಾಪುರದ ಮನೆಯಲ್ಲಿ ಲೆಕ್ಕವೇ ತಿರುವುಮುರುವು. ಅಲ್ಲಿ ಕರೆಂಟ್ ಹೋಗುವ ತಿಂಗಳುಗಳೂ ಬಿಸಿಲು ಕಾಣದ ತಿಂಗಳುಗಳೂ ಒಂದೇ. 200 ವ್ಯಾಟಿನ ಸೋಲಾರ್ ಪ್ಯಾನಲ್ ಮಾರ್ಚ್ ತಿಂಗಳ ಬಿಸಿಲಿಗೆ ದಿನಕ್ಕೆ 700-800 ವ್ಯಾಟ್-ಅವರ್ ಕೊಟ್ಟರೆ, ಜುಲೈನ ದಟ್ಟ ಮೋಡದಲ್ಲಿ ಅದರ ಹತ್ತನೇ ಒಂದು ಪಾಲು ಸಿಕ್ಕರೆ ಹೆಚ್ಚು. ಕಾರಿನ 12 ವೋಲ್ಟ್ ಸಾಕೆಟ್ ಕೊಡುವುದು ಸುಮಾರು 100 ವ್ಯಾಟ್. ಬೆಳಗಾವಿಯಿಂದ ಹೊರಟು ಕಾಡಿನ ಮನೆ ಮುಟ್ಟುವ ತಾಸಿನ ದಾರಿಯಲ್ಲಿ ತುಂಬುವುದು ಹತ್ತನೇ ಒಂದು ಭಾಗ ಅಷ್ಟೇ. ಆದ್ದರಿಂದ ಅಲ್ಲಿ ಉಳಿತಾಯವೇ ಉತ್ಪಾದನೆ.

ಆ ಉಳಿತಾಯದ ಕೀಲಿ ಯಂತ್ರದ ಮುಖದ ಮೇಲಿನ ಎಸಿ ಸ್ವಿಚ್. ಅದು ಆನ್ ಇದ್ದರೆ ಏನೂ ಹಚ್ಚದಿದ್ದರೂ ಒಳಗಿನ ಇನ್ವರ್ಟರ್ 10-15 ವ್ಯಾಟ್ ತಿನ್ನುತ್ತಲೇ ಇರುತ್ತದೆ. ಹಗಲು-ರಾತ್ರಿ ಬಿಟ್ಟರೆ 240ರಿಂದ 360 ವ್ಯಾಟ್-ಅವರ್ ಖಾಲಿ. ಒಂದು ಯೂನಿಟ್ಟಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ, ಇಲ್ಲವೇ ಅದಕ್ಕೂ ಮಿಕ್ಕಿ ಸುಮ್ಮನೆ ಹೋದ ಹಾಗೆ. ಎಸಿ ಆರಿಸಿ ಯುಎಸ್‌ಬಿಯಿಂದಲೇ 5 ವ್ಯಾಟಿನ ಎರಡು ದೀಪ ಆರು ತಾಸು ಉರಿಸಿದರೆ 60, ಎರಡು ಮೊಬೈಲ್ ತುಂಬಿಸಿದರೆ 35. ದಿನಕ್ಕೆ ನೂರರ ಒಳಗೆ. ಊರಲ್ಲಿ ಒಂದು ರಾತ್ರಿಗೆ ಮುಗಿಯುವ ಯಂತ್ರ ಕಾಡಿನ ಮನೆಯಲ್ಲಿ ಒಂದು ವಾರ ಬರುತ್ತದೆ. ಮೋಡದಲ್ಲಿ ಸಿಗುವ ಆ 70-80 ವ್ಯಾಟ್-ಅವರ್ ಕೂಡ ಆಗ ದೊಡ್ಡ ಆಧಾರ.

ಪ್ಯಾನಲ್ ಕೊಳ್ಳುವವರು ವ್ಯಾಟಿಗಿಂತ ಮೊದಲು ವೋಲ್ಟ್ ನೋಡಬೇಕು. ಮನೆ ಮಾಳಿಗೆಗೆ ಹಾಕುವ 550 ವ್ಯಾಟಿನ ದೊಡ್ಡ ಪ್ಯಾನಲ್ಲಿನ ಓಪನ್ ಸರ್ಕ್ಯೂಟ್ ವೋಲ್ಟೇಜ್ 50ರ ಆಸುಪಾಸು. ಅನೇಕ ಸಣ್ಣ ಪವರ್ ಸ್ಟೇಷನ್‌ಗಳ ಮಿತಿ ಅದಕ್ಕಿಂತ ಕಡಿಮೆ. ಮಿತಿ ಮೀರಿದರೆ ಯಂತ್ರ ಸುಡಬಹುದು. ಇನ್ನೊಂದು ಮಾತು. ಮಾಳಿಗೆ ಮೇಲೆ ಆನ್‌ಗ್ರಿಡ್ ಸೋಲಾರ್ ಇದೆ, ಲೈಟ್ ಹೋದರೂ ನಡೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಲೈನಿನಲ್ಲಿ ಕರೆಂಟ್ ಇಲ್ಲದಾಗ ಅದೂ ತಾನಾಗಿ ನಿಲ್ಲುತ್ತದೆ. ಹಾಗೆ ನಿಲ್ಲುವಂತೆಯೇ ಅದನ್ನು ಮಾಡಿರುತ್ತಾರೆ.

ಜಾಂಬೋಟಿ ಕಡೆಯ ಕಾಕಾ ಕೇಳಿದ್ದು ಬೇರೆ ಪ್ರಶ್ನೆ. "ಇದರ ಮ್ಯಾಲ ಬಾವಿ ಮೋಟರ್ ನಡೀತೈತೇನಪಾ?"

"ಇಲ್ಲ ಕಾಕಾ. ಒಂದು ಎಚ್‌ಪಿ ಮೋಟರ್ ನಡೆಯುವಾಗಲೇ ಸಾವಿರ ವ್ಯಾಟ್ ಎಳೀತದ, ಶುರುವಾಗುವಾಗ ಅದರ ಮೂರ್ನಾಲ್ಕು ಪಟ್ಟು."

"ಹೋಗಲಿ ಬಿಡು. ಮಳಿಗಾಲದಾಗ ನೀರು ಮ್ಯಾಲೇ ಇರತೈತಿ, ಹಗ್ಗ-ಕೊಡ ಸಾಕು."

ಕಾಕಾ ಹೇಳಿದ್ದು ಸರಿ. ನೀರೆತ್ತುವುದು, ಇಂಡಕ್ಷನ್ ಒಲೆ, ಗೀಸರ್ ಇವು ಈ ಯಂತ್ರದ ಕೆಲಸವಲ್ಲ. ಕರೆಂಟ್ ಇದ್ದಾಗ ಟಾಕಿ ತುಂಬಿಸಿಟ್ಟುಕೊಳ್ಳುವುದೇ ಅಲ್ಲಿಯ ಬ್ಯಾಕಪ್.

ವಿದೇಶದಲ್ಲಿರುವ ಮಕ್ಕಳಿಂದ ತರಿಸುವ ಯೋಚನೆಯೂ ಬೇಡ. ಅಮೆರಿಕದ ಯಂತ್ರ ಕೊಡುವುದು 120 ವೋಲ್ಟ್, 60 ಹರ್ಟ್ಜ್. ನಮ್ಮ ಮನೆಯ ಸಾಮಾನಿಗೆ ಬೇಕಾದದ್ದು 230 ವೋಲ್ಟ್, 50 ಹರ್ಟ್ಜ್. ವಿಮಾನದಲ್ಲಿ 160 ವ್ಯಾಟ್-ಅವರ್ ದಾಟಿದ ಬ್ಯಾಟರಿಯನ್ನು ಪ್ರಯಾಣಿಕರು ಒಯ್ಯುವಂತೆಯೂ ಇಲ್ಲ. ಇಲ್ಲಿಯೇ, ವಾರಂಟಿ ರಿಪೇರಿ ಎಲ್ಲಿ ಮಾಡಿಕೊಡುತ್ತಾರೆ ಎಂದು ಕೇಳಿ ಕೊಳ್ಳುವುದು ಒಳಿತು. ಬಳಸದ ತಿಂಗಳುಗಳಲ್ಲಿ ಅರ್ಧದಷ್ಟು ಚಾರ್ಜ್ ಇಟ್ಟು, ಮೂರು ತಿಂಗಳಿಗೊಮ್ಮೆ ನೋಡಬೇಕು. ಖಾನಾಪುರದ ಮಳೆಗಾಲದ ಥಂಡಿಗೆ ನೆಲದ ಮೇಲೆ ಇಡದೆ ಹಲಗೆಯ ಮೇಲೆ, ಗಾಳಿಯಾಡುವ ಕಡೆ ಇಡಬೇಕು.

ಕೊನೆಯ ಮಾತು ಪ್ರಾಣದ್ದು. ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿಸಿ, ಯಂತ್ರದ ಕರೆಂಟನ್ನು ಗೋಡೆಯ ಸಾಕೆಟ್ಟಿಗೆ ಕೊಟ್ಟು ಇಡೀ ಮನೆ ಬೆಳಗಿಸುವವರಿದ್ದಾರೆ. ಆ ಕರೆಂಟ್ ಮೀಟರ್ ದಾಟಿ ಲೈನಿಗೆ ಹೋಗಬಹುದು, ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಸಾವಿರಾರು ವೋಲ್ಟ್ ಆಗಬಹುದು. ಅದೇ ಹೊತ್ತಿಗೆ ಸುರಿಯುವ ಮಳೆಯಲ್ಲಿ ಕಂಬ ಹತ್ತಿ, ಲೈನ್ ಬಂದ್ ಇದೆ ಎಂದು ನಂಬಿ ತಂತಿ ಜೋಡಿಸುತ್ತಿರುವ ಲೈನ್‌ಮನ್ ನಮ್ಮದೇ ಊರಿನ ಯಾರದೋ ಮಗ. ಸಾಮಾನನ್ನು ನೇರ ಯಂತ್ರಕ್ಕೇ ಹಚ್ಚಿ. ಇಡೀ ಮನೆಗೆ ಬೇಕೆಂದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಂದ ಚೇಂಜ್‌ಓವರ್ ಸ್ವಿಚ್ ಕೂಡಿಸಿ. ಅದಕ್ಕೆ ಬೇಕಾದ ಖರ್ಚನ್ನೂ ಯಂತ್ರದ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಿ.