ಕೀಪರನ ಕೈ, ಕೀಪರನ ಗಳಿಕೆ

ಕ್ರಿಕೆಟ್ಟಿನಲ್ಲಿ ಬ್ಯಾಟ್ ಮಾಡುವವನ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ವಿಕೆಟ್ ಹಿಂದೆ ದಿನವೆಲ್ಲಾ ಕುಂತು ಎದ್ದು ಮಾಡುವ ಕೀಪರನ್ನು ಯಾರೂ ಕೇಳಂಗಿಲ್ಲ. ನಮ್ಮ ಮಾಗಳದಲ್ಲಿ ನಾವು ಆಡುವಾಗಲೂ ಕೀಪರ್ ಆಗು ಅಂದ್ರ ಎಲ್ಲರೂ ಹಿಂದಕ್ಕೆ ಸರಿಯುತ್ತಾರೆ. ಅದಕ್ಕೇ ಕರ್ನಾಟಕದ ಸೈಯದ್ ಕಿರ್ಮಾನಿಯವರ ವಿಷಯ ಬರೆದಿದ್ದೇನೆ.

ಕಿರ್ಮಾನಿಯವರು 1949ರ ಡಿಸೆಂಬರ್ 29ರಂದು ಮದರಾಸಿನಲ್ಲಿ ಜನಿಸಿದರು. ಆಡಿದ್ದು ಕರ್ನಾಟಕಕ್ಕೆ. ಚಿಕ್ಕವರಿದ್ದಾಗ ಗ್ಲೌಸ್ ಇಲ್ಲದೆ ಇಟ್ಟಿಗೆ ಹಿಡಿದು ಚೆಂಡು ತಡೆಯುತ್ತಿದ್ದರಂತೆ, ಅವರೇ ಹೇಳಿದ್ದಾರೆ. 1971 ಮತ್ತು 1974ರಲ್ಲಿ ತಂಡದ ಜೊತೆ ಇಂಗ್ಲೆಂಡಿಗೆ ಹೋದರೂ ಟೆಸ್ಟ್ ಆಡಲು ಸಿಗಲಿಲ್ಲ, ಫಾರೂಕ್ ಇಂಜಿನಿಯರ್ ಇದ್ದರಲ್ಲ! 1976ರಲ್ಲಿ ನ್ಯೂಜಿಲೆಂಡಿನಲ್ಲಿ ಮೊದಲ ಟೆಸ್ಟ್ ಆಡಿದರು. ಎರಡನೆಯ ಟೆಸ್ಟಿನಲ್ಲೇ ಒಂದು ಇನಿಂಗ್ಸಿನಲ್ಲಿ 6 ಜನರನ್ನು ಔಟ್ ಮಾಡಿ ವಿಶ್ವದಾಖಲೆ ಸರಿಗಟ್ಟಿದರು. ನಮ್ಮ ಚಂದ್ರಶೇಖರ್ ಅವರ ಚೆಂಡು ಯಾವ ಕಡೆ ತಿರುಗುತ್ತದೋ ಬ್ಯಾಟ್ಸ್‌ಮನ್ನಿಗೆ ತಿಳಿಯುತ್ತಿರಲಿಲ್ಲ, ಕೀಪರನಿಗೆ ಮಾತ್ರ ತಿಳಿಯಲೇಬೇಕು. ಒಟ್ಟು 88 ಟೆಸ್ಟ್, 160 ಕ್ಯಾಚ್, 38 ಸ್ಟಂಪಿಂಗ್. 1983ರ ವಿಶ್ವಕಪ್ಪಿನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ 175 ಹೊಡೆದಾಗ ಒಂಬತ್ತನೆಯ ವಿಕೆಟ್ಟಿಗೆ ಔಟಾಗದೆ ಜೊತೆ ನಿಂತವರು ಇವರೇ. ಇಬ್ಬರೂ ಸೇರಿ 126 ರನ್ ಕೂಡಿಸಿದರು, ಅದರಲ್ಲಿ ಇವರದು 24.

ಈಗ ಗಳಿಕೆಯ ಲೆಕ್ಕ. 1983ರ ಒಂದು ಪಂದ್ಯದ ಹಣದ ಪಟ್ಟಿ ಈಗಲೂ ಇದೆ. ಪಂದ್ಯಕ್ಕೆ 1500 ರೂಪಾಯಿ, ದಿನಕ್ಕೆ 200ರಂತೆ ಮೂರು ದಿನದ ಭತ್ಯೆ 600, ಒಟ್ಟು 2100. ನಾಯಕ ಕಪಿಲ್ ದೇವ್ ಅವರಿಗೂ ಅಷ್ಟೇ. ವಿಶ್ವಕಪ್ ಗೆದ್ದು ಬಂದಾಗ ಬಹುಮಾನ ಕೊಡಲು ಕ್ರಿಕೆಟ್ ಮಂಡಳಿಯ ಹತ್ತಿರ ದುಡ್ಡೇ ಇರಲಿಲ್ಲ! ಲತಾ ಮಂಗೇಶ್ಕರ್ ಅವರು ದೆಹಲಿಯಲ್ಲಿ ಹಾಡಿ ಹಣ ಕೂಡಿಸಿಕೊಟ್ಟರು, ಆಟಗಾರರಿಗೆ ತಲಾ ಒಂದು ಲಕ್ಷ ಬಂತು. ಆ ಕಾಲದಲ್ಲಿ ಬಹಳ ಆಟಗಾರರು ಬ್ಯಾಂಕು, ಕಂಪನಿಗಳಲ್ಲಿ ನೌಕರಿ ಮಾಡುತ್ತಾ ಆಡುತ್ತಿದ್ದರು.

ಅಮೆರಿಕದ ಬೇಸ್‌ಬಾಲ್ ಆಟದಲ್ಲೂ ಹಿಂದೆ ಕುಂತು ಚೆಂಡು ಹಿಡಿಯುವವನಿದ್ದಾನೆ, ಅವನಿಗೆ ಕ್ಯಾಚರ್ ಅನ್ನುತ್ತಾರೆ. 1869ರಲ್ಲಿ ಸಿನ್ಸಿನಾಟಿಯ ರೆಡ್ ಸ್ಟಾಕಿಂಗ್ಸ್ ತಂಡ ತನ್ನ ಎಲ್ಲ ಆಟಗಾರರಿಗೂ ಸಂಬಳ ಗೊತ್ತು ಮಾಡಿತು. ಕ್ಯಾಚರ್ ಡಗ್ ಆಲಿಸನ್‌ಗೆ ಆ ವರ್ಷದ ಆಟಕ್ಕೆ 800 ಡಾಲರ್, ಅದೇ ತಂಡದ ಜಾರ್ಜ್ ರೈಟ್‌ಗೆ 1400. ಕೈ ನೋಯುವುದು ಒಬ್ಬರದು, ಹೆಚ್ಚು ಸಂಬಳ ಇನ್ನೊಬ್ಬರಿಗೆ! ನನಗಂತೂ ಇದು ಸರಿ ಕಾಣಲಿಲ್ಲ. ಆಗ ಎಲ್ಲರೂ ಬರಿಗೈಲೇ ಚೆಂಡು ಹಿಡಿಯುತ್ತಿದ್ದರು. ಕೈ ನೋವಿಗೆ 1870ರಲ್ಲಿ ಆಲಿಸನ್ ತೊಗಲಿನ ಗ್ಲೌಸ್ ಹಾಕಿಕೊಂಡ.

ಕಿರ್ಮಾನಿಯವರ ಕೊನೆಯ ಟೆಸ್ಟ್ 1986ರ ಜನವರಿಯಲ್ಲಿ ಸಿಡ್ನಿಯಲ್ಲಿ ನಡೆಯಿತು. ಈಗ ಭಾರತಕ್ಕೆ ಒಂದು ದಿನದ ಪಂದ್ಯ ಆಡಿದರೆ 6 ಲಕ್ಷ ರೂಪಾಯಿ. ಆಗ ರೂಪಾಯಿಗೆ ಬೆಲೆ ಹೆಚ್ಚಿತ್ತು, ನಿಜ. ಆದರೂ 1500ರಿಂದ ಭಾಗಿಸಿ ನೋಡಿದೆ, 400 ಪಟ್ಟು ಬಂತು.