ನೀಲಗಿರಿ ದಿಮ್ಮಿಗಳ ಲಾರಿ ಸಾಗಾಟ: ಸ್ವಂತ ಲಾರಿಯುಳ್ಳ ರೈತರಿಗೆ ಕೆಲವು ತಿಳಿವಳಿಕೆಗಳು

ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ತಾಲ್ಲೂಕುಗಳಲ್ಲಿ ಮಳೆಯಾಶ್ರಯದ ಹೊಲಗಳನ್ನು ನೀಲಗಿರಿ ತೋಪುಗಳನ್ನಾಗಿ ಮಾರ್ಪಡಿಸಿದ ರೈತರು ಬಹು ಮಂದಿ. ಇವರ ಮಕ್ಕಳಲ್ಲಿ ಕೆಲವರು ಸಾಲದ ಮೇಲೆ ಲಾರಿಯೊಂದನ್ನು ಕೊಂಡು, ಯಾವ ವರ್ತಕನ ಸಂಬಳಕ್ಕೂ ಒಳಪಡದೆ, ತಾವೇ ನಡೆಸಿ ಮರ ಸಾಗಿಸುವ ಕಸುಬನ್ನು ಹಿಡಿದಿರುತ್ತಾರೆ. ಬೇಸಾಯದೊಡನೆ ಹೊಂದಿಕೊಂಡು ಹೋಗುವ ಈ ಕಸುಬು ಲಾಭಕರವಾದುದೇ ಸರಿ. ಆದರೆ ಆ ಲಾಭವು ಮರದ ತೂಕವನ್ನು ಅರಿಯುವುದರ ಮೇಲೆಯೇ ನಿಂತಿರುವುದೆಂಬುದನ್ನು ಅನೇಕರು ಗಮನಿಸುವುದಿಲ್ಲ.

ಹೊಸದಾಗಿ ಕಡಿದ ನೀಲಗಿರಿಯ ತೂಕದಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ನೀರೇ ಇರುವುದು. ತೊಗಟೆ ಸುಲಿದು ಎರಡು ಮೂರು ವಾರ ಬಿಸಿಲಿಗೆ ಬಿಟ್ಟರೆ ತೂಕವು ಗಣನೀಯವಾಗಿ ಇಳಿಯುತ್ತದೆ. ಆದುದರಿಂದ ಹೇರಿನ ಎತ್ತರವನ್ನು ನೋಡಿ ತೂಕವನ್ನು ಅಂದಾಜು ಮಾಡುವ ಪದ್ಧತಿಯು ನಂಬತಕ್ಕದ್ದಲ್ಲ. ಮಾರ್ಚಿ ತಿಂಗಳಲ್ಲಿ ಒಣಮರವನ್ನು ಯಾವ ಎತ್ತರಕ್ಕೆ ಹೇರಿ ನಿರಾತಂಕವಾಗಿ ಹೋಗಿ ಬಂದರೋ, ಜುಲೈ ತಿಂಗಳಲ್ಲಿ ಹಸಿಮರವನ್ನು ಅದೇ ಎತ್ತರಕ್ಕೆ ಹೇರಿದರೆ ಲಾರಿಯು ಮಿತಿಯನ್ನು ಮೀರಿರುತ್ತದೆ. ಹೇರುವುದಕ್ಕೆ ಮೊದಲು ಖಾಲಿ ಲಾರಿಯನ್ನೂ, ಹೇರಿದ ಬಳಿಕ ಹೆದ್ದಾರಿ ಸೇರುವ ಮುನ್ನ ತುಂಬಿದ ಲಾರಿಯನ್ನೂ ಸಮೀಪದ ವೇಬ್ರಿಜ್ಜಿನಲ್ಲಿ ತೂಗಿಸಿ ಚೀಟಿ ಪಡೆಯತಕ್ಕದ್ದು. ಕಾರ್ಖಾನೆಯ ತೂಕದಲ್ಲಿ ವ್ಯತ್ಯಾಸ ಕಂಡುಬಂದಾಗ ಈ ಚೀಟಿಯೊಂದೇ ಸಾಕ್ಷಿ.

ಮೂರು ಅಚ್ಚಿನ, ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು ೨೦೧೮ರಲ್ಲಿ ೨೫ ಟನ್ನಿನಿಂದ ೨೮.೫ ಟನ್ನಿಗೆ ಏರಿಸಲಾಯಿತು. ಲಾರಿಯ ಖಾಲಿ ತೂಕ ೧೦ ಟನ್ನೆಂದು ಭಾವಿಸಿದರೆ ಹೇರಬಹುದಾದುದು ೧೮.೫ ಟನ್ನು. ಹೊಸಕೋಟೆಯಿಂದ ಹರಿಹರದ ಬಳಿಯ ಕುಮಾರಪಟ್ಟಣದ ಕಾರ್ಖಾನೆಗೆ ಹೋಗಿಬರಲು ಸುಮಾರು ೬೦೦ ಕಿಲೋಮೀಟರು. ಲೆಕ್ಕಕ್ಕಾಗಿ ಟನ್ನಿಗೆ ೧,೪೦೦ ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳೋಣ. ಹುಟ್ಟುವಳಿ ೨೫,೯೦೦ ರೂಪಾಯಿ. ಲೀಟರಿಗೆ ೪ ಕಿಲೋಮೀಟರಿನಂತೆ ೧೫೦ ಲೀಟರು ಡೀಸೆಲ್ಲಿಗೆ, ೯೦ ರೂಪಾಯಿ ದರದಲ್ಲಿ, ೧೩,೫೦೦. ಸುಂಕ, ಕ್ಲೀನರಿನ ಕೂಲಿ, ಊಟ ಮೊದಲಾದುವಕ್ಕೆ ೬,೦೦೦. ಉಳಿಯುವುದು ೬,೪೦೦. ಟೈರಿನ ಸವೆತ, ವಿಮೆ, ಸಾಲದ ಕಂತು, ತನ್ನ ಸ್ವಂತ ದುಡಿಮೆಯ ಕೂಲಿ ಇವೆಲ್ಲವೂ ಇದರಲ್ಲಿಯೇ ಬರಬೇಕು. ತಾನೇ ನಡೆಸುವವನು ತನ್ನ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದಿರುವುದು ನಮ್ಮಲ್ಲಿ ಸಾಮಾನ್ಯ. ತನ್ನ ಎತ್ತುಗಳ ಮೇವನ್ನು ರಾಗಿಯ ಖರ್ಚಿನಲ್ಲಿ ಸೇರಿಸದವನ ಲೆಕ್ಕದಂತೆಯೇ ಇದು.

ವರ್ತಕನು “ಇನ್ನು ಮೂರು ಟನ್ನು ಹೇರು” ಎಂದು ಒತ್ತಾಯಿಸುವನು. ಅದರಿಂದ ದೊರೆಯುವ ಹೆಚ್ಚಿನ ಬಾಡಿಗೆ ೪,೨೦೦ ರೂಪಾಯಿ. ಸಿಕ್ಕಿಬಿದ್ದರೋ, ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಶಾಸನದಂತೆ ೨೦,೦೦೦ ರೂಪಾಯಿ ದಂಡ, ಮೀರಿದ ಪ್ರತಿ ಟನ್ನಿಗೆ ೨,೦೦೦ ರೂಪಾಯಿ ಬೇರೆ, ಒಟ್ಟು ೨೬,೦೦೦. ಇದು ಇಡೀ ಪ್ರಯಾಣದ ಬಾಡಿಗೆಗಿಂತ ನೂರು ರೂಪಾಯಿ ಹೆಚ್ಚು! ಹೆಚ್ಚಿನ ಮರವನ್ನು ದಾರಿಯಲ್ಲಿಯೇ ಇಳಿಸುವ ಖರ್ಚೂ ಲಾರಿಯವನದೇ. ಆ ಸಮಯದಲ್ಲಿ ವರ್ತಕನು ಸಮೀಪದಲ್ಲಿರುವುದಿಲ್ಲ.

ಹಸಿ ನೀಲಗಿರಿಯು ತೊಗಟೆ ಸುಲಿದಾಗ ಬಹಳ ಜಾರುತ್ತದೆ. ತುಂಡುಗಳನ್ನು ಸಮ ಅಳತೆಗೆ ಕೊಯ್ದು, ದಪ್ಪ ದಿಮ್ಮಿಗಳನ್ನು ತಳಕ್ಕೂ ಪಕ್ಕಗಳಿಗೂ ಇಟ್ಟು, ಸಣ್ಣವನ್ನು ನಡುವೆ ತುಂಬತಕ್ಕದ್ದು. ಹೊರಟ ಕೆಲವು ಮೈಲಿಗಳಲ್ಲಿಯೇ ಹೇರು ಕುಳಿತು ಹಗ್ಗ ಸಡಿಲವಾಗುವುದರಿಂದ, ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಬೇಕು. ಅಪಾಯವು ಹೆಚ್ಚಾಗಿ ಸಂಭವಿಸುವುದು ಇಳಿಸುವಾಗ: ಕಟ್ಟು ಬಿಚ್ಚಿದೊಡನೆ ಪಕ್ಕದ ದಿಮ್ಮಿಗಳು ಉರುಳಿ ಬೀಳುವುವು. ಬಿಚ್ಚುವವನು ಎದುರು ಮಗ್ಗುಲಿನಲ್ಲಿ ನಿಲ್ಲಬೇಕು. ಉರುಳುವ ಕಡೆಯಲ್ಲಿ ಹಮಾಲಿಗಳಾಗಲಿ ಹುಡುಗರಾಗಲಿ ಇರಕೂಡದು. ಬೆಂಗಳೂರಿನ ಕಟ್ಟಡಗಳಿಗೆ ಒಯ್ಯುವ ಉದ್ದ ಗಳುಗಳನ್ನು ಲಾರಿಯ ಹಿಂದಕ್ಕೆ ಚಾಚಿ ಹೇರುವುದು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ರಾತ್ರಿಯಲ್ಲಿ ಹಿಂದಿನಿಂದ ಬರುವ ಬೈಸಿಕಲ್ಲು, ಮೋಟಾರು ಬೈಕಿನವರಿಗೆ ಇದು ಪ್ರಾಣಾಂತಿಕ. ಮಿತಿಮೀರಿ ಹೊರಚಾಚಿದ ಹೇರಿಗೂ ೨೦,೦೦೦ ರೂಪಾಯಿ ದಂಡವುಂಟು.

ಬಾಯ್ಲರುಗಳಿಗೆ ಒಯ್ಯುವ ಮರದ ಚಕ್ಕೆಯ ಲೆಕ್ಕವೇ ಬೇರೆ. ಒಂದು ಘನಮೀಟರು ಗಟ್ಟಿ ಮರವು ಚಕ್ಕೆಯಾದಾಗ ಸುಮಾರು ಎರಡೂವರೆ ಘನಮೀಟರಿನ ಸ್ಥಳವನ್ನು ಬೇಡುತ್ತದೆ. ತೂಕದ ಮಿತಿ ಮುಟ್ಟುವ ಮೊದಲೇ ಲಾರಿ ತುಂಬಿಹೋಗುವುದುಂಟು. ಆದುದರಿಂದ ಚಕ್ಕೆಗೆ ಟನ್ನಿನ ಬಾಡಿಗೆಯನ್ನು ಒಪ್ಪದೆ, ಪ್ರಯಾಣಕ್ಕೆ ಇಷ್ಟೆಂದು ಗೊತ್ತುಮಾಡಿಕೊಳ್ಳುವುದು ಮೇಲು. ಟಾರ್ಪಾಲು ಹೊದಿಸಲೇಬೇಕು. ಹಸಿ ಚಕ್ಕೆಯನ್ನು ರಾಶಿಯಾಗಿ ದಿನಗಟ್ಟಲೆ ಬಿಟ್ಟರೆ ಒಳಗೆ ಕಾವೇರಿ ಕೆಡುವುದು.

ದಾರಿಯ ವಿಷಯ. ೨೦೨೪ರಲ್ಲಿ ಉದ್ಘಾಟಿತವಾದ ಹೊಸಕೋಟೆ–ದೇವನಹಳ್ಳಿ–ದೊಡ್ಡಬಳ್ಳಾಪುರ–ದಾಬಸ್‌ಪೇಟೆ ವರ್ತುಲ ರಸ್ತೆಯಿಂದ, ಬೆಂಗಳೂರು ನಗರವನ್ನು ಹೊಗದೆಯೇ ತುಮಕೂರಿನ ಹೆದ್ದಾರಿಯನ್ನು ಸೇರಬಹುದಾಗಿದೆ. ಮಳೆಗಾಲದಲ್ಲಿ ಲಾರಿಯನ್ನು ತೋಪಿನೊಳಕ್ಕೆ ಇಳಿಸದೆ, ದಿಮ್ಮಿಗಳನ್ನು ಟ್ರಾಕ್ಟರಿನಲ್ಲಿ ರಸ್ತೆಯ ಅಂಚಿಗೆ ತರಿಸತಕ್ಕದ್ದು. ಕೆಮ್ಮಣ್ಣಿನಲ್ಲಿ ಹೂತ ಲಾರಿಯನ್ನು ಎತ್ತಿಸುವುದರಲ್ಲಿ ದಿನವೇ ಕಳೆದುಹೋಗುವುದು.

೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಶಾಸನದಲ್ಲಿ ಸ್ವಂತ ಜಮೀನಿನ ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮರಗಳನ್ನು ಕಡಿಯಲು ಅನುಮತಿಯ ವಿನಾಯಿತಿಯುಂಟು. ಆದರೂ ಜಮೀನಿನ ಪಹಣಿಯ ಪ್ರತಿಯನ್ನೂ, ಮಾರಿದ ರೈತನ ಸಹಿಯುಳ್ಳ ಪತ್ರವನ್ನೂ ಲಾರಿಯಲ್ಲಿ ಇರಿಸಿಕೊಳ್ಳುವುದು ಕ್ಷೇಮ. ಹೇರಿನ ನಡುವೆ ಶ್ರೀಗಂಧ, ಬೀಟೆ, ಹೊನ್ನೆಗಳ ಒಂದು ತುಂಡು ಸೇರಿದ್ದರೂ ಲಾರಿಯೇ ಜಪ್ತಿಯಾದೀತು. ಆದ್ದರಿಂದ ಹೇರುವಾಗ ಒಡೆಯನು ಸ್ವತಃ ನಿಂತು ನೋಡತಕ್ಕದ್ದು.

ಹೊಸ ಲಾರಿ ಕೊಳ್ಳಲೆಣಿಸುವವರು ಒಂದು ಸಂಗತಿಯನ್ನು ನೆನೆಯಬೇಕು. ಅಂತರ್ಜಲದ ಕಾರಣದಿಂದ ೨೦೧೭ರಲ್ಲಿ ಸರ್ಕಾರವು ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಆ ಬಳಿಕ ನಮ್ಮ ತಾಲ್ಲೂಕುಗಳಲ್ಲಿ ಕಡಿಯುವುದು ಬಹುತೇಕ ಹಳೆಯ ಬುಡಗಳ ಕೂಳೆಯನ್ನೇ. ಬುಡಗಳನ್ನೇ ಕಿತ್ತು ಬೇರೆ ಬೆಳೆಗೆ ತಿರುಗಿದವರೂ ಇದ್ದಾರೆ. ನೀಲಗಿರಿಯೊಂದನ್ನೇ ನಂಬಿ ಐದಾರು ವರ್ಷಗಳ ಕಂತಿನ ಸಾಲಕ್ಕೆ ಒಳಗಾಗುವುದು ನನ್ನ ಅಭಿಪ್ರಾಯದಲ್ಲಿ ಯುಕ್ತವಲ್ಲ. ಸಿಲ್ವರ್ ಓಕ್, ಹೆಬ್ಬೇವುಗಳ ತೋಪು ಹಾಕಿದ ರೈತರು ಹೋಬಳಿಯಲ್ಲಿ ಎಷ್ಟು ಮಂದಿ, ಅವರ ಮರ ಯಾವ ವರ್ಷ ಕೊಯ್ಲಿಗೆ ಬರುವುದೆಂಬುದನ್ನು ವಿಚಾರಿಸಿಕೊಂಡು ಆಮೇಲೆ ಮುಂಗಡ ಕಟ್ಟತಕ್ಕದ್ದು.