ಆಫ್ರಿಕದ ವನ್ಯಪ್ರವಾಸ: ಹೊರಡುವ ಮುನ್ನ, ಮರಳಿದ ಮೇಲೆ

‘ಸಫಾರಿ’ ಎಂಬುದು ಸ್ವಾಹಿಲಿ ಭಾಷೆಯ ಶಬ್ದ. ಪ್ರಯಾಣವೆಂದು ಅದರ ಅರ್ಥ. ನಾವು ಮುಂಬಯಿಯಲ್ಲಿ ಕೇಳುವ ‘ಸಫರ್’ ಕೂಡ ಅದೇ ಅರಬ್ಬಿ ಮೂಲದ್ದು. ಬಂಡೀಪುರ, ನಾಗರಹೊಳೆಗಳನ್ನು ಕಂಡ ನಮ್ಮವರಲ್ಲಿ ಕೆಲವರು ಈಗ ಆಫ್ರಿಕ ಖಂಡದ ದಕ್ಷಿಣ ಭಾಗದತ್ತ ಹೊರಡುತ್ತಿದ್ದಾರೆ. ಅಲ್ಲಿಯ ಕ್ರೂಗರ್ ರಾಷ್ಟ್ರೀಯ ಉದ್ಯಾನ 1926ರಲ್ಲಿ ಸ್ಥಾಪಿತವಾದುದು. 19,000 ಚದರ ಕಿಲೋಮೀಟರಿಗೂ ಮಿಕ್ಕ ಅದರ ವಿಸ್ತಾರ ಬಂಡೀಪುರದ ಇಪ್ಪತ್ತು ಪಟ್ಟಿಗೂ ಹೆಚ್ಚು. ಇಂತಹ ಪ್ರವಾಸಕ್ಕೆ ಹಣದ ಲೆಕ್ಕವನ್ನು ಎಲ್ಲರೂ ಎಚ್ಚರದಿಂದ ಹಾಕುತ್ತಾರೆ. ಆರೋಗ್ಯದ ಲೆಕ್ಕವನ್ನು ಮಾತ್ರ ಕೊನೆಯ ವಾರಕ್ಕೆ ಬಿಡುತ್ತಾರೆ. ಯೋಜನೆ ಆರಂಭವಾಗಬೇಕಾದುದು ಅಲ್ಲಿಂದಲೇ.

ಕಾಲ ಮತ್ತು ಸ್ಥಳ

ಅಲ್ಲಿಯ ಋತುಮಾನ ನಮ್ಮದಕ್ಕೆ ವಿರುದ್ಧ. ಅಕ್ಟೋಬರಿನಿಂದ ಏಪ್ರಿಲ್ ವರೆಗೆ ಬೇಸಿಗೆ ಹಾಗೂ ಮಳೆ. ಹುಲ್ಲು ಎತ್ತರವಾಗಿ ಬೆಳೆದು ಪ್ರಾಣಿಗಳು ಮರೆಯಾಗುತ್ತವೆ, ಸೊಳ್ಳೆಗಳೂ ಹೆಚ್ಚುತ್ತವೆ. ಮೇ ತಿಂಗಳಿನಿಂದ ಸೆಪ್ಟೆಂಬರ್ ವರೆಗಿನ ಒಣ ಕಾಲದಲ್ಲಿ ಪ್ರಾಣಿಗಳು ನೀರಿನ ತಾಣಗಳಲ್ಲಿ ನೆರೆಯುತ್ತವೆ. ಮಲೇರಿಯದ ಭಯವೂ ತಗ್ಗುತ್ತದೆ, ಆದರೆ ಇಲ್ಲದಂತಾಗುವುದಿಲ್ಲ. ನಮ್ಮ ಮಕ್ಕಳ ಮೇ ರಜೆ ಇದಕ್ಕೆ ಹೊಂದುತ್ತದೆ. ಡಿಸೆಂಬರ್ ರಜೆ ಹೊಂದುವುದಿಲ್ಲ. ಜೂನ್, ಜುಲೈಗಳಲ್ಲಿ ತೆರೆದ ಜೀಪಿನಲ್ಲಿ ಮುಂಜಾನೆ ಹೊರಡುವವರು ಉಣ್ಣೆಯ ಉಡುಪನ್ನು ಮರೆಯಬಾರದು.

ಕ್ರೂಗರ್ ಮತ್ತು ಬೋಟ್ಸ್ವಾನದ ಚೋಬೆ, ಒಕವಾಂಗೊ ಪ್ರದೇಶಗಳು ಮಲೇರಿಯದ ವ್ಯಾಪ್ತಿಯಲ್ಲಿವೆ. ಎಳೆಯ ಮಕ್ಕಳಿರುವವರಿಗೂ ಗರ್ಭಿಣಿಯರಿಗೂ ದಕ್ಷಿಣ ಆಫ್ರಿಕ ದೇಶದಲ್ಲಿಯೇ ಪಿಲಾನ್ಸ್‌ಬರ್ಗ್, ಮಡಿಕ್ವೆ, ಅಡ್ಡೊ ಎಂಬ ಮಲೇರಿಯರಹಿತ ಅರಣ್ಯಗಳಿವೆ. ಆನೆ, ಸಿಂಹಗಳು ಅಲ್ಲಿಯೂ ಇವೆ.

ಮಾರ್ಗದ ಆಯ್ಕೆ

ಹಳದಿ ಜ್ವರವೆಂದರೆ ಕಾಮಾಲೆಯಲ್ಲ. ಸೊಳ್ಳೆಯಿಂದ ಹರಡುವ ಬೇರೆಯೇ ಸೋಂಕು. ಅದು ಭಾರತದಲ್ಲಿಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ಇಲ್ಲಿ ಹೇರಳವಾಗಿದೆ. ಆದುದರಿಂದಲೇ ನಮ್ಮ ಸರಕಾರದ ನಿಯಮ ಕಠಿಣ. ದಕ್ಷಿಣ ಆಫ್ರಿಕ, ಬೋಟ್ಸ್ವಾನ ದೇಶಗಳಿಗೆ ಈ ಜ್ವರದ ಕಾಟವಿಲ್ಲ. ದಾರಿಯಲ್ಲಿ ಸಿಗುವ ಕೆನ್ಯ ಮತ್ತು ಇಥಿಯೋಪಿಯಗಳಿಗೆ ಇದೆ. ಅಲ್ಲಿಂದ ಹೊರಟು ಆರು ದಿನಗಳೊಳಗೆ ಲಸಿಕೆಯ ಪ್ರಮಾಣಪತ್ರವಿಲ್ಲದೆ ಬಂದಿಳಿಯುವವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡದವರಿಗೆ ಆರೋಗ್ಯಾಧಿಕಾರಿ ಒಪ್ಪಿದರೆ ವಿನಾಯಿತಿ ಉಂಟು. ಪರರ ವಿವೇಚನೆಯನ್ನು ನಂಬಿ ಹೊರಡುವುದು ಜಾಣತನವಲ್ಲ.

ಲಸಿಕೆಯನ್ನು ಸರಕಾರದ ಮಾನ್ಯತೆಯುಳ್ಳ ಕೇಂದ್ರದಲ್ಲಿಯೇ ಹಾಕಿಸಬೇಕು. ಪ್ರಮಾಣಪತ್ರ ಹತ್ತು ದಿನಗಳ ಬಳಿಕ ಊರ್ಜಿತವಾಗುತ್ತದೆ. 2016ರಿಂದ ಅದು ಜೀವಾವಧಿಗೆ ಮಾನ್ಯ. ಅರುವತ್ತು ದಾಟಿದವರಲ್ಲಿ ವಿರಳವಾಗಿ ತೀವ್ರ ದುಷ್ಪರಿಣಾಮಗಳಾಗುವುದುಂಟು. ಅವರು ವೈದ್ಯರ ಸಲಹೆ ಪಡೆಯಬೇಕು. ವೃದ್ಧ ತಂದೆತಾಯಿಯರನ್ನು ಕರೆದೊಯ್ಯುವವರು ದುಬೈ ಅಥವಾ ದೋಹಾ ಮಾರ್ಗವಾಗಿ ಹೋದರೆ ಈ ತೊಡಕೇ ಇಲ್ಲ. ಟಿಕೇಟಿನ ದರವನ್ನು ಮಾತ್ರ ನೋಡಿ ಮಾರ್ಗವನ್ನು ನಿಶ್ಚಯಿಸಬಾರದು.

ಮಾತ್ರೆ ಮತ್ತು ಸೊಳ್ಳೆ

ನಮಗೆ ಪರಿಚಿತವಾದ ಕ್ಲೋರೋಕ್ವಿನ್ ಅಲ್ಲಿಯ ಮಲೇರಿಯಕ್ಕೆ ನಾಟುವುದಿಲ್ಲ. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಹೊರಡುವ ಒಂದೆರಡು ದಿನ ಮೊದಲೇ ಆರಂಭಿಸಿ, ದಿನವೂ ಸೇವಿಸಿ, ಮಲೇರಿಯ ಪ್ರದೇಶವನ್ನು ಬಿಟ್ಟ ಮೇಲೆ ನಾಲ್ಕು ವಾರ ಮುಂದುವರಿಸಬೇಕು. ವಾರಕ್ಕೊಮ್ಮೆ ಸೇವಿಸುವ ಮೆಫ್ಲೋಕ್ವಿನ್ ಎರಡು ಮೂರು ವಾರ ಮೊದಲೇ ಆರಂಭವಾಗಬೇಕು. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಅವರನ್ನು ಆರು ವಾರ ಮುಂಚಿತವಾಗಿ ಕಾಣುವುದು ಲೇಸು. ಮಲೇರಿಯದ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನವರೆಗೆ. ಆ ಹೊತ್ತಿನಲ್ಲಿ ತುಂಬುತೋಳಿನ ಅಂಗಿ, ಸೊಳ್ಳೆ ನಿವಾರಕ ಲೇಪ, ಸೊಳ್ಳೆಪರದೆ ಇರಲೇಬೇಕು. ಕ್ರೂಗರಿನ ಬಿಡಾರಗಳಲ್ಲಿ ಅಡಿಗೆಯ ಅನುಕೂಲವುಳ್ಳ ಕುಟೀರಗಳಿವೆ. ಸಸ್ಯಾಹಾರಿಗಳಿಗೆ ಅದು ಉಪಕಾರಿ. ಆದರೆ ಇರುಳಿನಲ್ಲಿ ಜಗಲಿಯ ಮೇಲೆ ಉಣ್ಣುವಾಗ ಲೇಪವನ್ನು ಮರೆಯಬಾರದು.

ಮರಳಿದ ಮೇಲೆ

ನನ್ನ ಬಂಧುಗಳೊಬ್ಬರು ಮೇ ಕೊನೆಯಲ್ಲಿ ಮುಂಬಯಿಗೆ ಮರಳಿದೊಡನೆ ಮಾತ್ರೆಯನ್ನು ನಿಲ್ಲಿಸಿಬಿಟ್ಟರು. ಎರಡು ವಾರಗಳ ಬಳಿಕ ಚಳಿಜ್ವರ ಬಂದಾಗ ಹೊರಗೆ ಮಳೆ ಹಿಡಿದಿತ್ತು. ಊರಿನ ಮಳೆಗಾಲದ ಜ್ವರವೆಂದೇ ಎಲ್ಲರೂ ಎಣಿಸಿದರು. ಮೂರು ದಿನ ಜ್ವರದ ಮಾತ್ರೆಯಲ್ಲಿಯೇ ಕಳೆಯಿತು. ನಾಲ್ಕನೆಯ ದಿನ ಅವರ ಪತ್ನಿ ಆಫ್ರಿಕದ ಮಾತೆತ್ತಿದಾಗ ವೈದ್ಯರು ಕೂಡಲೆ ರಕ್ತಪರೀಕ್ಷೆ ಮಾಡಿಸಿದರು. ಮೆದುಳಿಗೂ ಏರಬಲ್ಲ ಫಾಲ್ಸಿಪಾರಂ ಮಲೇರಿಯ! ಎಂಟು ದಿನ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡರು. ಆ ಮಾತು ಇನ್ನೆರಡು ದಿನ ತಡವಾಗಿದ್ದರೆ ಏನಾಗುತ್ತಿತ್ತೆಂದು ನೆನೆಯಲು ಇಂದಿಗೂ ಭಯವಾಗುತ್ತದೆ.

ಆದುದರಿಂದ, ಮಲೇರಿಯ ಪ್ರದೇಶವನ್ನು ಹೊಕ್ಕ ಏಳನೆಯ ದಿನದಿಂದ ಮೊದಲ್ಗೊಂಡು, ಮರಳಿದ ಮೇಲೆ ಕೆಲವು ತಿಂಗಳವರೆಗೆ ಎಂದು ಜ್ವರ ಬಂದರೂ ಅಂದೇ ರಕ್ತಪರೀಕ್ಷೆ ಮಾಡಿಸಬೇಕು. ‘ಆಫ್ರಿಕಕ್ಕೆ ಹೋಗಿದ್ದೆ’ ಎಂದು ವೈದ್ಯರಿಗೆ ಮೊದಲು ಹೇಳಬೇಕು. ಮಾತ್ರೆ ಸೇವಿಸಿದವರಿಗೂ ಈ ಮಾತು ಅನ್ವಯಿಸುತ್ತದೆ. ಕೊನೆಯ ಮಾತ್ರೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತಿಸಿಡಿ. ಪ್ರವಾಸ ಮುಗಿಯುವುದು ಅಂದೇ. ವಿಮಾನ ಇಳಿದ ದಿನವಲ್ಲ.